ಒಂದೇ ಕಾಗದ ಸಾಕು ಎಂದಿದ್ದರು

ನಮ್ಮ ಲಕ್ಷ್ಮೇಶ್ವರ ಸಂಸ್ಥಾನದಿಂದ ಮುಂಬೈ ಸರ್ಕಾರಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಮಗಳು ಸುಶೀಲಾ ಮೆಟ್ರಿಕ್ ಪಾಸಾದಳು. ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ ಗದಗಿನ ಕಾಲೇಜಿನಲ್ಲಿ ಪ್ರವೇಶ ಸುಲಭ ಮಾಡಿದ್ದಾರೆ, ಹೆಡ್‌ಮಾಸ್ತರರ ದಾಖಲೆ ಒಂದಿದ್ದರೆ ಸಾಕು ಎಂದು ಖಬರು ಬಂತು.

ಒಂದೇ ಕಾಗದ! ನಾನು ನಂಬಲಿಲ್ಲ. ಸಂಸ್ಥಾನದ ಕಾಲದಲ್ಲಿ ಯಾರದೋ ಬೆಳೆ ಮೇಯ್ದು ಕೊಂಡವಾಡ ಸೇರಿದ ನಮ್ಮ ಎಮ್ಮೆಯನ್ನು ಬಿಡಿಸಲಿಕ್ಕೇ ನಾಲ್ಕು ಕಾಗದ ಬೇಕಾಗಿದ್ದವು. ಮಗಳು ಎಮ್ಮೆಗಿಂತ ಕಡಿಮೆಯೇ?

ಮನೆಯವರು ಕಾಳಿನ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಮಗಳನ್ನು ಕರೆದುಕೊಂಡು ನಾನೇ ಹೊರಟೆ. ಅದು ಕಡೆಯ ದಿನ. ಸೀಟು ಸಿಗದಿದ್ದರೆ ಮುಂಡರಗಿಯ ವರನಿಗೆ ಹೂಂ ಅನ್ನುವುದೇ ಎಂದು ಅತ್ತೆಯವರು ಕರಾರು ಹಾಕಿದ್ದರು. ಸುಶೀಲಾ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅದಕ್ಕೇ ಆಕೆಗೆ ಹೇಳದೆ, ದೇವರ ಜಗಲಿಯ ಮೇಲಿದ್ದ ಜಾತಕವನ್ನೂ ಸಿಡುಬು ಬರದಂತೆ ಮೈಲಿ ಚುಚ್ಚಿಸಿದ ಚೀಟಿಯನ್ನೂ ಚೀಲಕ್ಕೆ ಹಾಕಿಕೊಂಡೆ.

ದೇವರ ದಯೆ, ಮೋಟಾರಿನಲ್ಲಿ ಕೂಡಲು ಜಾಗ ಸಿಕ್ಕಿತು. ಕಾಲೇಜಿನಲ್ಲಿ ಗುಮಾಸ್ತರು ಶಾಲೆಯ ದಾಖಲೆ ನೋಡಿದರು, ಬರೆದುಕೊಂಡರು, ಮೊಹರಿನ ಶಿಕ್ಕೆಯನ್ನು ಶಾಯಿಗೆ ಒತ್ತಿ ಎತ್ತಿದರು. ಅಷ್ಟರಲ್ಲಿ ನಾನು, “ಇವೂ ಇರ್ಲಿ ಸಾಹೇಬ್ರ” ಎಂದು ಉಳಿದೆರಡನ್ನು ಮುಂದಿಟ್ಟೆ.

ಶಿಕ್ಕೆ ಗಾಳಿಯಲ್ಲೇ ನಿಂತಿತು.

ಶಾಲೆಯಲ್ಲಿ ಸುಶೀಲಾ, ಹದಿನಾರು ವರ್ಷ. ಜಾತಕದಲ್ಲಿ ವಿಶಾಲಾಕ್ಷಿ, ಹದಿನಾಲ್ಕು ವರ್ಷ ಎಂಟು ತಿಂಗಳು. ಮೈಲಿಯ ಚೀಟಿಯಲ್ಲಿ ಬರೀ ತಂಗೆವ್ವ.

“ಮೂವರು ಹುಡುಗ್ಯಾರು ಅದಾರಲ್ರೀ” ಎಂದರು ಗುಮಾಸ್ತರು. “ಸೀಟು ಯಾರಿಗೆ ಬೇಕು?”

ಒಂದು ನಕ್ಷತ್ರದ ಹೆಸರು, ಒಂದು ಮನೆಯಲ್ಲಿ ಕರೆಯುವುದು, ಒಂದು ಶಾಲೆಯದು ಎಂದು ತಿಳಿಸಿ ಹೇಳಿದೆ. ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. ವಯಸ್ಸಿನ ಸಂಗತಿಯನ್ನೂ ಹೇಳಿದೆ! ಶಾಲೆಗೆ ಸೇರಿಸಿದ ದಿನ ಮಾಸ್ತರರು, ಬಲಗೈ ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎಂದರು. ಮುಟ್ಟಿದವರಿಗೆಲ್ಲ ಆರು ವರ್ಷ. ನಮ್ಮವಳಿಗೆ ಐದೂ ತುಂಬಿರಲಿಲ್ಲ, ಆದರೆ ಅತ್ತೆಯವರ ಮನೆತನದ ಉದ್ದ ಕೈ. ಮುಟ್ಟಿಬಿಟ್ಟಳು.

ಗುಮಾಸ್ತರು ತಾವೂ ಒಮ್ಮೆ ಕಿವಿ ಮುಟ್ಟಿ ನೋಡಿಕೊಂಡರು. ಆಮೇಲೆ ಶಿಕ್ಕೆ ಕೆಳಗಿಟ್ಟು, ಹದಿನೈದು ತುಂಬದವರನ್ನು ತೆಗೆದುಕೊಳ್ಳಲು ಬರುವುದಿಲ್ಲ ಎಂದರು.

ನನಗೆ ದಿಕ್ಕೇ ತಪ್ಪಿತು. ಹದಿನಾರು ಎನ್ನಲೋ, ಹದಿನಾಲ್ಕು ಎನ್ನಲೋ? ಒಂದರಲ್ಲಿ ಜಾತಕ ಸುಳ್ಳು, ಇನ್ನೊಂದರಲ್ಲಿ ಮಾಸ್ತರರು ಸುಳ್ಳು. ಮಗಳ ಕಡೆ ತಿರುಗಿ, “ಮುಟ್ಟಿ ತೋರ್ಸ ತಂಗಿ” ಎಂದೆ. ಮೆಟ್ರಿಕ್ ಪಾಸಾದ ಹುಡುಗಿ ನಾಲ್ಕು ಜನರ ಎದುರು ತಲೆಯ ಮೇಲೆ ಕೈ ಹಾಕಿ ಕಿವಿ ಹಿಡಿದು ನಿಂತಳು. ಕಣ್ಣಲ್ಲಿ ನೀರು.

ಆಗಲೇ ಪ್ರಿನ್ಸಿಪಾಲರು ಹೊರಬರಬೇಕೇ! ಇದೇನು ಶಿಕ್ಷೆ ಎಂದು ಕೇಳಿದರು. ಎಲ್ಲ ಕೇಳಿಕೊಂಡು ಜಾತಕವನ್ನೂ ಚೀಟಿಯನ್ನೂ ನನ್ನ ಚೀಲಕ್ಕೆ ತಾವೇ ಹಾಕಿದರು.

“ತಾಯೀ, ನಮಗ ಶಾಲಿ ದಾಖಲಿ ಅಷ್ಟ ಪ್ರಮಾಣ. ಒಂದ ಕಾಗದ ಸಾಕಂತ ಹೊರಗ ಹಲಗಿ ಮ್ಯಾಲ ಬರದೇವಿ.”

ಬರೆದಿತ್ತು ನಿಜ. ಬೆಳಗಿನಿಂದ ಸರದಿ ಕಾಯುತ್ತ ನಾನು ಅದಕ್ಕೇ ಬೆನ್ನು ಕೊಟ್ಟು ನಿಂತಿದ್ದೆ.

ಶಿಕ್ಕೆ ಬಿತ್ತು. ಮೋಟಾರಿನಲ್ಲಿ ಸುಶೀಲಾ ನನಗೆ ಬೆನ್ನು ಕೊಟ್ಟೇ ಕುಳಿತಳು. ಆದರೂ ಕಟ್ಟಿಕೊಂಡು ಹೋಗಿದ್ದ ನಾಲ್ಕು ರೊಟ್ಟಿಯನ್ನೂ ತಾನೇ ತಿಂದಳು. ಅಷ್ಟಾದರೂ ಆಯಿತಲ್ಲ!

ಸಂಜೆ ಅತ್ತೆಯವರನ್ನೂ ಕರೆದುಕೊಂಡು ಸೋಮೇಶ್ವರನ ಗುಡಿಗೆ ಹೋದೆವು. ಅರ್ಚನೆ ಯಾರ ಹೆಸರಿನಲ್ಲಿ ಎಂದು ಪೂಜಾರಿಗಳು ಕೇಳಿದರು. ನಾನು ವಿಚಾರಕ್ಕೆ ಬಿದ್ದೆ. ದೇವರಿಗೆ ನಕ್ಷತ್ರದ ಹೆಸರಲ್ಲವೇ ಹೇಳಬೇಕಾದ್ದು? ಎಲ್ಲಕ್ಕೂ ಇರಲಿ, ಮೂರನ್ನೂ ಹೇಳಿಬಿಡೋಣ ಎಂದು ಬಾಯಿ ತೆರೆದೆ.

ಕೈ ಉದ್ದ ಎಂದೆನಲ್ಲ. ಸುಶೀಲಾ ಅತ್ತೆಯವರ ಆಚೆ ನಿಂತಿದ್ದಳು. ಅಲ್ಲಿಂದಲೇ ನನ್ನ ಬಾಯಿ ಮುಚ್ಚಿದಳು.