ಕಣ್ಣು ಮಂದವಿದ್ದವರಿಗೆ ಇರುವೆ ಗಾತ್ರದ ಅಕ್ಷರ

ನಮಗೆ ಅನುಕೂಲ ಮಾಡಿಕೊಡ್ತೀವಿ ಅಂತ ಯಾರಾದರೂ ಹೊರಟರೆ ನನಗೆ ಹೆದರಿಕೆ ಶುರುವಾಗುತ್ತದೆ. ನನಗೆ ಕಣ್ಣು ಮಂದ. ಮೂಗಿನ ಹತ್ತಿರ ಹಿಡಿದ ದಪ್ಪಕ್ಷರ ಮಾತ್ರ ಕಾಣುತ್ತದೆ. ತಂಗಿಗೆ ಬುದ್ಧಿ ನಿಧಾನ; ನೇರವಾಗಿ ಹೇಳಿದರೆ ಎಲ್ಲವೂ ತಿಳಿಯುತ್ತದೆ. ಅವಳು ಯಸಳೂರಿನಿಂದ ಸಕಲೇಶಪುರದ ಹೊಲಿಗೆ ತರಗತಿಗೆ ಸೇರಬೇಕು, ಜೊತೆಗೆ ನಾನು ಹೋಗಬೇಕು, ಇಬ್ಬರಿಗೂ ಅಂಗವಿಕಲರ ಬಸ್ ಪಾಸ್ ಬೇಕು. ಆ ವರ್ಷ ಇಲಾಖೆಯವರು ‘ಇನ್ನು ಅಲೆದಾಟವಿಲ್ಲ, ಅರ್ಜಿ ಇಂಟರ್‌ನೆಟ್ಟಿನಲ್ಲೇ’ ಎಂದರು. ಅಲೆದಾಟ ಶುರುವಾಯಿತು.

೧. ಮೂಲೆಯ ಗುಂಡಿ

ಸೈಬರ್ ಅಂಗಡಿಯವ ಪುಟ ತೆರೆದ. ಬಿಳಿ ಮೇಲೆ ತಿಳಿಬೂದು ಅಕ್ಷರ, ಇರುವೆ ಗಾತ್ರ. ಅವನೇ ಗಾಜಿಗೆ ಮೂಗು ತಾಗಿಸಿದ.

“ಇದು ಕಣ್ಣು ಕಾಣದೋರ ಅರ್ಜಿನೇ ಏನಯ್ಯಾ?” ಅಂದೆ.

“ಹೌದು ಕಣಣ್ಣ. ‘ಅಕ್ಷರ ದೊಡ್ಡದು ಮಾಡಲು ಇಲ್ಲಿ ಒತ್ತಿ’ ಅಂತಾನೂ ಐತೆ.”

“ಎಲ್ಲಿ?”

“ಅಗೋ, ಮೂಲೇಲಿ. ಎಲ್ಲಕ್ಕಿಂತ ಸಣ್ಣಕ್ಷರದಲ್ಲಿ ಅದನ್ನೇ ಬರ್ದವ್ರೆ!”

೨. ಐದು ನಿಮಿಷ

ಐದು ನಿಮಿಷ ಮೀರಿದರೆ ಪುಟ ತಾನೇ ಅಳಿಸಿಹೋಗುತ್ತಿತ್ತು. ತಂಗಿಯ ಅರ್ಜಿಯಲ್ಲಿ ಒಂದು ಪ್ರಶ್ನೆ: ‘ಮೇಲ್ಕಂಡ ಯಾವುದೂ ಅನ್ವಯಿಸುವುದಿಲ್ಲವೆಂಬುದನ್ನು ತಾವು ನಿರಾಕರಿಸುವುದಿಲ್ಲವೇ?’ ಅಂಗಡಿಯವ ಮೂರು ಸಲ ಓದಿದ. ಎಷ್ಟೋ ಕಚೇರಿಗಳ ಮುಂದೆ ಭಾಷಣ ಬಿಗಿದ ನಾನೂ ಅದರೊಳಗಿನ ‘ಇಲ್ಲ’ಗಳನ್ನು ಬೆರಳಲ್ಲಿ ಎಣಿಸತೊಡಗಿದೆ. ಪುಟ ಅಳಿಸಿಹೋಯಿತು.

ತಂಗಿ ಅಂದಳು: “ಅಣ್ಣ, ಕೇಳ್ದೋರ್ಗಾದ್ರೂ ಗೊತ್ತಾ, ಏನ್ ಕೇಳಿದ್ದು ಅಂತ?”

೩. ರೈಟರ್ ಬರೆದ ಮನವಿ

ಕಚೇರಿಗೇ ಹೋದೆವು. “ಕಣ್ಣು ಚೆನ್ನಾಗಿರೋರನ್ನ ಜೊತೆಗೆ ಕೂರಿಸ್ಕೊಳ್ಳಿ. ತಕರಾರಿದ್ರೆ ಬರೆದು ಕೊಡಿ” ಎಂದರು ಅಧಿಕಾರಿ.

ಮರುದಿನ ಕೊಟ್ಟೆ. ನಮ್ಮೂರ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಇಡೀ ಕೂಲಿ ಲೈನಿನ ಆಳುಗಳ ತಿಂಗಳ ಹಾಜರಿಯನ್ನು ಒಂದೇ ಹಾಳೆಗೆ ಇಳಿಸುವ ಮನುಷ್ಯ. ಅವರಿಂದ ಪೆನ್ಸಿಲ್ಲಿನಲ್ಲಿ, ತೆಳುವಾಗಿ, ಅರ್ಧ ಅಂಚೆ ಕಾರ್ಡಿನಲ್ಲಿ ಬರೆಸಿದೆ.

ಅಧಿಕಾರಿ ಕನ್ನಡಕ ತೆಗೆದರು, ಹಾಕಿದರು. ಕಿಟಕಿಗೆ ಹೋದರು. ಕಾರ್ಡನ್ನು ಮೂಗಿಗೆ ಒತ್ತಿಕೊಂಡರು. ಐದು ನಿಮಿಷವಾಯಿತು, ನಾನು ಕಿತ್ತುಕೊಂಡೆ.

“ಟೈಮ್ ಆಯ್ತು ಸಾರ್. ಮತ್ತೆ ಮೊದಲಿಂದ ಓದಿ.”

“ಏನ್ರೀ ಇದು? ಮನುಷ್ಯರು ಓದೋ ಹಾಗಿದೆಯಾ?”

“ಅದರಲ್ಲೂ ಅದನ್ನೇ ಬರೆಸಿರೋದು ಸಾರ್.”

ತಂಗಿ ನನ್ನ ತೋಳು ಎಳೆದಳು. ಅವಳಿಗೆ ನಿಜಕ್ಕೂ ಮರುಕ. “ಪಾಪ ಕಣಣ್ಣ, ಇವ್ರಿಗೂ ಒಂದು ಪಾಸ್ ಮಾಡ್ಸು.”

ಅಧಿಕಾರಿ ಬಿಳಿ ಹಾಳೆ ತೆಗೆದು ಇಬ್ಬರ ಅರ್ಜಿಯನ್ನೂ ದಪ್ಪಕ್ಷರದಲ್ಲಿ ತಾವೇ ಬರೆದರು. ಎರಡು ಪಾಸು ಬಂದವು. ಮೂರನೆಯದು ಬೇಡ ಅಂದರು.