ಹಾಲೆಂಡಿನ ಗೆಜೆಟ್ಟಿಗೊಬ್ಬ ಓದುಗ

ಹಾಲೆಂಡ್ ಸರ್ಕಾರದ ಗೆಜೆಟ್ಟನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು ದಿನವೂ ತಪ್ಪಿಸದೆ ಓದಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಿರಬೇಕು. ಅವರು ನನ್ನ ಸೋದರಮಾವ. ಅವರಿಗೆ ಡಚ್ ಭಾಷೆ ಬರುತ್ತಿರಲಿಲ್ಲ!

ನಗಬೇಡಿ. ಭಾಷೆ ಬಂದಿದ್ದರೆ ಅಷ್ಟು ಶ್ರದ್ಧೆಯಿಂದ ಓದುತ್ತಿದ್ದರೋ ಇಲ್ಲವೋ, ನನಗಂತೂ ಅನುಮಾನ. ಭಾಷೆ ಬಂದವರು ಯಾರು ತಾನೆ ಗೆಜೆಟ್ ಓದುತ್ತಾರೆ?

ಮಾವ ಮೈಸೂರಿನವರು. ಸರ್ಕಾರಿ ಮುದ್ರಣಾಲಯವೊಂದರಲ್ಲಿ ಮೂವತ್ನಾಲ್ಕು ವರ್ಷ ಪ್ರೂಫ್ ರೀಡರ್ ಆಗಿದ್ದು ನಿವೃತ್ತರಾದವರು. ಗೆಜೆಟ್ಟು, ಬಜೆಟ್ಟು, ಟೆಂಡರ್ ನೋಟೀಸು, ಯಾರೂ ಬಿಚ್ಚಿ ನೋಡದ ದಪ್ಪ ದಪ್ಪ ವರದಿಗಳು, ಹೀಗೆ ಸರ್ಕಾರ ಏನನ್ನು ಅಚ್ಚು ಹಾಕಿಸಿದರೂ ಅದು ಅವರ ಕನ್ನಡಕದ ಕೆಳಗೆ ಹಾದು ಹೋಗಲೇಬೇಕಿತ್ತು. ಆ ಕನ್ನಡಕವನ್ನು ಸಂಜೆ ಆಫೀಸಿನಲ್ಲೇ ಬಿಟ್ಟು ಬಂದಿದ್ದರೆ ನಮ್ಮ ಕುಟುಂಬ ಸುಖವಾಗಿರುತ್ತಿತ್ತು. ಹಾಸ್ಟೆಲಿನಿಂದ ನಾನು ಬರೆದ ಕಾಗದಗಳು ಅಂಚಿನ ತುಂಬ ಕೆಂಪು ಗುರುತು ಹೊತ್ತು ನನಗೇ ವಾಪಸ್ ಬರುತ್ತಿದ್ದವು. ದುಡ್ಡು ಕಳಿಸಿ ಎಂದು ಬರೆದಿದ್ದರೆ ದುಡ್ಡು ಬರುತ್ತಿರಲಿಲ್ಲ, ಆ ವಾಕ್ಯ ಮಾತ್ರ ಸುಂದರವಾಗಿ ತಿದ್ದಿ ಬರುತ್ತಿತ್ತು! ಅಕ್ಕನ ಮದುವೆಯಲ್ಲಿ ಲಗ್ನಪತ್ರಿಕೆಯ ಜವಾಬ್ದಾರಿ ಮಾವನದು. ಏಳು ಸಲ ಪ್ರೂಫ್ ನೋಡಿದರು. ಒಂದೇ ಒಂದು ತಪ್ಪಿರಲಿಲ್ಲ. ಬಂಧುಗಳ ಕೈಗೆ ಅದು ತಲುಪಿದ್ದು ಬೀಗರ ಔತಣದ ದಿನ.

ಮಾವ ಮದುವೆಯಾಗಲಿಲ್ಲ. ಹೆಣ್ಣಿನ ಕಡೆಯಿಂದ ಜಾತಕ ಬಂದರೆ ಗ್ರಹಗತಿ ನೋಡುವುದು ಬಿಟ್ಟು, ಅದರಲ್ಲಿನ ತಪ್ಪುಗಳನ್ನು ತಿದ್ದಿ ವಾಪಸ್ ಕಳಿಸುತ್ತಿದ್ದರಂತೆ. ಇದು ನಮ್ಮಮ್ಮ ಹೇಳುವ ಕಥೆ. ಅಮ್ಮನ ಕಥೆಗಳಲ್ಲಿ ಅರ್ಧದಷ್ಟನ್ನು ನಂಬಬಹುದು.

ಇಂಥ ಮನುಷ್ಯನಿಗೆ ಒಳಗೊಂದು ಕೊರಗಿತ್ತು. ತಾವು ಕಣ್ಣು ಸವೆಸಿ ತಿದ್ದಿದ್ದನ್ನು ಯಾರಾದರೂ, ಎಲ್ಲಾದರೂ, ಒಮ್ಮೆಯಾದರೂ ಓದಿದ್ದಾರೆಯೇ? ಮೂವತ್ನಾಲ್ಕು ವರ್ಷದಲ್ಲಿ ಅವರು ಕಂಡ ಓದುಗ ಒಬ್ಬನೇ. ಬಸ್‌ಸ್ಟ್ಯಾಂಡಿನಲ್ಲಿ ಗೆಜೆಟ್ಟಿನ ಹಾಳೆಯನ್ನು ಮುಖಕ್ಕೆ ಹಿಡಿದು ಕೂತಿದ್ದವನನ್ನು ನೋಡಿ ಹಿಗ್ಗಿ ಹತ್ತಿರ ಹೋದರೆ, ಆತ ಅದರಲ್ಲಿ ಕಟ್ಟಿದ್ದ ಕಡಲೆಕಾಯಿ ಮುಗಿಸಿ, ತಳದಲ್ಲಿ ಉಳಿದ ಉಪ್ಪನ್ನು ಹುಡುಕುತ್ತಿದ್ದ. ನಾವು ಮಕ್ಕಳೆಲ್ಲ "ಮಾವ, ನಿಮ್ಮ ಗೆಜೆಟ್ ಯಾರು ಓದ್ತಾರೆ?" ಅಂತ ರೇಗಿಸುತ್ತಿದ್ದೆವು. ಮುಂಚೂಣಿಯಲ್ಲಿ ನಾನು. "ಯಾರೋ ಒಬ್ರು ಓದ್ತಾರೆ ಬಿಡಮ್ಮ" ಅನ್ನುತ್ತಿದ್ದರು. ಆ ಯಾರೋ ಒಬ್ಬರು ಯಾರೆಂದು ಅವರಿಗೂ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಹಾಲೆಂಡಿನ ವಾಗೆನಿಂಗನ್ ಯೂನಿವರ್ಸಿಟಿಯಲ್ಲಿ ನಮ್ಮ ಕಡೆಯ ಕಪ್ಪು ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತ, ಬಾಡಿಗೆ ಕಡಿಮೆ ಅಂತ ಪಕ್ಕದ ಒಂದು ಪುಟ್ಟ ಊರಿನಲ್ಲಿ ಮನೆ ಮಾಡಿದ್ದೆ. ಆಗಿನ್ನೂ ಯೂರೋ ಬಂದಿರದ, ಗಿಲ್ಡರ್ ನೋಟುಗಳಿದ್ದ ಕಾಲ. ಭಾನುವಾರ ಫೋನ್ ಕಾರ್ಡ್ ಕೆರೆದು ನಂಬರ್ ಒತ್ತಿ, ಕಾರ್ಡ್ ಖಾಲಿಯಾಗುವುದರೊಳಗೆ ಮನೆಯವರೆಲ್ಲರ ಕ್ಷೇಮ ವಿಚಾರಿಸಿ ಮುಗಿಸಬೇಕು. ಥೀಸಿಸ್ ಬರೆಯುವ ಭರದಲ್ಲಿ ನಾನು ಊಟ ಬಿಟ್ಟಿದ್ದೇನೆಂದು ಅಮ್ಮನಿಗೆ ಗುಮಾನಿ. ನನಗೆ ಊಟ ಮಾಡಿಸಲು ಆಕೆ ಮೂರು ತಿಂಗಳ ವೀಸಾದ ಮೇಲೆ ಕಳಿಸಿದ್ದು, ಅನ್ನ ಬೇಯಿಸಲೂ ಬಾರದ ಈ ತಮ್ಮನನ್ನು! ಸಾರಿನ ಪುಡಿಯ ಡಬ್ಬಿಯನ್ನು ಎದೆಗವಚಿಕೊಂಡು ಮಾವ ವಿಮಾನದಿಂದ ಇಳಿದರು.

ವಸಂತಕಾಲ. ಟ್ಯೂಲಿಪ್ ತೋಟ ತೋರಿಸೋಣ ಅಂತ ನಾನು ರೈಲಿನ ವೇಳೆ ನೋಡಿಟ್ಟುಕೊಂಡಿದ್ದೆ. ಮೊದಲ ದಿನ ವಾಕಿಂಗ್ ಹೋದ ಮಾವ ಮುಖವರಳಿಸಿಕೊಂಡು ಬಂದರು.

"ಇಲ್ಲೊಂದು ಲೈಬ್ರರಿ ಇದೆ ಕಣೇ! ಇಲ್ಲಿನ ಗೆಜೆಟ್ಟನ್ನ ಕಿಟಕಿ ಪಕ್ಕ ಬೆಳಕಲ್ಲಿ ಇಟ್ಟಿದಾರೆ! ಎದುರಿಗೆ ಕುರ್ಚಿ ಬೇರೆ!"

"ಅದಕ್ಕೇನೀಗ ಮಾವ?"

"ಅದಕ್ಕೇನೀಗ ಅಂತೀಯಲ್ಲ! ಅರ್ಜಿ ಬೇಡ್ವಂತೆ, ಸಾಹೇಬರ ಸಹಿ ಬೇಡ್ವಂತೆ. ಯಾರು ಬೇಕಾದ್ರೂ ಕೂತು ಓದಬಹುದಂತೆ!"

"ಯಾರು ಓದ್ತಾರಂತೆ?"

ಮಾವನ ಉತ್ಸಾಹ ಸ್ವಲ್ಪ ಇಳಿಯಿತು. ಲೈಬ್ರರಿ ನೋಡಿಕೊಳ್ಳುವ ಮಾರೈಕೆ ಎಂಬಾಕೆಯನ್ನು ಅವರೂ ಅದನ್ನೇ ಕೇಳಿದ್ದರಂತೆ. ಆಕೆ ಬಹಳ ಹೊತ್ತು ಯೋಚಿಸಿ, "ಇವತ್ತು ನೀವು ಕೂತಿದ್ದಿರಲ್ಲ" ಅಂದಳಂತೆ.

ಅಲ್ಲಿಗೆ ಟ್ಯೂಲಿಪ್ ಬಾಡಿತು. ಮಾರನೇ ದಿನದಿಂದ ಮಾವ ಬೆಳಿಗ್ಗೆ ಲೈಬ್ರರಿಯ ಬಾಗಿಲು ತೆರೆಯುವ ಮುಂಚೆ ಮೆಟ್ಟಿಲ ಮೇಲಿರುತ್ತಿದ್ದರು. ಭಾಷೆ ಬಾರದೆ ಏನು ಓದುತ್ತೀರಿ ಅಂದರೆ ಅವರಿಗೆ ರೇಗುತ್ತಿತ್ತು. ಪ್ರೂಫ್ ನೋಡುವವನು ಅರ್ಥಕ್ಕೆ ಮರುಳಾದರೆ ಕೆಟ್ಟ, ಸಾಲು ನೋಡಬೇಕು, ಅಂಕಿ ನೋಡಬೇಕು, ಕ್ರಮಸಂಖ್ಯೆ ನೋಡಬೇಕು ಎಂದು ನನಗೆ ಪಾಠವಾಯಿತು. ಅರ್ಥವೇ ಆಗದ ಭಾಷೆಯಲ್ಲಿ ಓದುವ ನೆಮ್ಮದಿ ಅವರಿಗೆ ಕೆಲಸದಲ್ಲಿದ್ದಾಗಲೂ ಸಿಕ್ಕಿರಲಿಲ್ಲವಂತೆ.

ಗೆಜೆಟ್ ಒಂದೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆ ಮೇಜಿನ ಮೇಲೆ ಇನ್ನೊಂದು ಬೂದು ಬಣ್ಣದ ಫೈಲು ಇರುತ್ತಿತ್ತು. ಆ ದೇಶದಲ್ಲಿ ಒಂದು ಸೇತುವೆ ಕಟ್ಟಬೇಕಾದರೂ, ನಾಲ್ಕು ಮರ ಕಡಿಯಬೇಕಾದರೂ ಪುರಸಭೆಯವರು ಯೋಜನೆಯ ಕಾಗದವನ್ನು ನಾಲ್ಕು ವಾರ ಲೈಬ್ರರಿಯಲ್ಲಿ ಸಾರ್ವಜನಿಕರಿಗೆಂದು ಇಡುತ್ತಾರೆ. ಬೇಡವೆನ್ನುವವರು ಬರೆದು ಕೊಡಲಿ ಎಂದು ಜೊತೆಗೆ ಒಂದು ಆಕ್ಷೇಪಣೆಯ ಫಾರಂ. ಮಾವ ನೋಡಿದ್ದು ಆ ಫಾರಮ್ಮನ್ನು. ಹೆಸರು, ವಿಳಾಸ, ಖಾಲಿ ಜಾಗ, ಸಹಿ. ಅವರ ಪ್ರೆಸ್ಸಿನಲ್ಲಿ ಪ್ರತಿ ಪ್ರೂಫಿನ ಜೊತೆಗೂ ಇಂಥದೇ ಒಂದು ಚೀಟಿ ಬರುತ್ತಿತ್ತಂತೆ. ತಪ್ಪು ಬರೆದು, ಸಹಿ ಹಾಕಿ ವಾಪಸ್ ಕಳಿಸುವ ಚೀಟಿ. ಮೂವತ್ನಾಲ್ಕು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಸರ್ಕಾರಿ ಇಂಗ್ಲಿಷಿನಲ್ಲಿ ಬರೆದೇ ಬಿಟ್ಟರು: "ಪುಟ ಆರು. ಪಟ್ಟಿಯಲ್ಲಿ ಕ್ರಮಸಂಖ್ಯೆ ಹದಿನೇಳರ ಸಾಲೇ ಎರಡು ಸಲ ಬಂದಿದೆ, ಹದಿನೆಂಟು ಬಿಟ್ಟುಹೋಗಿದೆ. ಸರಿಪಡಿಸಿ ಎರಡನೇ ಪ್ರೂಫ್ ಕಳಿಸತಕ್ಕದ್ದು."

ಕೆಳಗೆ ಸಹಿ, ನನ್ನ ಮನೆಯ ವಿಳಾಸ.

ಎರಡು ವಾರದ ಮೇಲೆ ಪುರಸಭೆಯಿಂದ ಕಾಗದ ಬಂತು. ಹೊಸ ಸೈಕಲ್ ದಾರಿಗೆ ತಾವು ಆಕ್ಷೇಪಣೆ ಸಲ್ಲಿಸಿದ್ದೀರಿ, ವಿಚಾರಣೆಗೆ ದಯಮಾಡಿಸಿ. ಪ್ರವಾಸಿ ವೀಸಾದ ಮೇಲೆ ಬಂದು ಇಲ್ಲಿನ ಸರ್ಕಾರದ ಮೇಲೆ ತಕರಾರು! ಮಾವ ಮಾತ್ರ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು, ಹಣೆಗೆ ಸಣ್ಣಗೆ ಕುಂಕುಮ ಇಟ್ಟುಕೊಂಡು ಸಿದ್ಧರಾದರು.

ವಿಚಾರಣೆಗೆ ಮೂವರು ಅಧಿಕಾರಿಗಳು ಕೂತಿದ್ದರು. ಕಾಫಿ ಕೊಟ್ಟರು, ತಲೆಗೊಂದು ಬಿಸ್ಕತ್ತು ಕೊಟ್ಟರು, ಡಬ್ಬಿಯ ಮುಚ್ಚಳ ಹಾಕಿದರು. ಅವರಲ್ಲಿ ಹಿರಿಯರು ಬಲು ಮರ್ಯಾದೆಯಿಂದ, ಸೈಕಲ್ ದಾರಿಯಿಂದ ತಮಗೇನು ತೊಂದರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಾವ ನನ್ನ ಕಡೆ ತಿರುಗಿ, "ದಾರಿ ಬೇಕಾದ್ರೆ ಮಾಡ್ಕೊಳ್ಳಲಿ, ನಂಗೇನು? ಹದಿನೆಂಟನೇದು ಎಲ್ಲಿ ಹೋಯ್ತು ಅಂತ ಕೇಳು" ಅಂದರು.

ಅದು ದಾರಿಗಾಗಿ ಕಡಿಯಬೇಕಾದ ಮರಗಳ ಪಟ್ಟಿ. ಮೂವರೂ ಕಾಗದದ ಮೇಲೆ ಬಗ್ಗಿದರು. ಪಿಸುಪಿಸು ಮಾತಾಡಿದರು. ಹದಿನೆಂಟನೇ ಮರ ಲೈಬ್ರರಿಯ ಎದುರಿಗಿದ್ದ ಹಳೇ ಚೆಸ್ಟ್‌ನಟ್ ಮರವಂತೆ. ಪಟ್ಟಿಯಲ್ಲಿ ಇಲ್ಲದ ಮರವನ್ನು ಮುಟ್ಟುವ ಹಾಗಿಲ್ಲ. ಹೊಸ ಪಟ್ಟಿ ಮಾಡಿ, ಇನ್ನೊಮ್ಮೆ ನಾಲ್ಕು ವಾರ ಲೈಬ್ರರಿಯಲ್ಲಿಟ್ಟ ಮೇಲೆಯೇ ಕೆಲಸ. ಆಕ್ಷೇಪಣೆ ಸರಿಯಾಗಿದೆ, ಧನ್ಯವಾದ ಎಂದು ಕೈಕುಲುಕಿದರು.

ಊರಲ್ಲಿ ಸುದ್ದಿಯಾಯಿತು. ಇಬ್ಬರು ಮುದುಕಿಯರು ಸೇಬಿನ ಕೇಕ್ ಹಿಡಿದು ಮನೆ ಹುಡುಕಿಕೊಂಡು ಬಂದರು. ಮರಗಳ ಮೇಲೆ ಭಾರತೀಯರಿಗೆ ಎಂಥ ಪ್ರೀತಿ ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. ಮಾವ ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ನನ್ನನ್ನು ಕನ್ನಡದಲ್ಲಿ ಕೇಳುತ್ತಿದ್ದರು. ಮುದುಕಿಯರು ಹೋದ ಮೇಲೆ ಮಾವ, "ಕಡಿಯೋದಾದ್ರೆ ಕಡೀಲಿ, ನಂಬರ್ ಹಾಕಿ ಕಡೀಲಿ" ಅಂದರು. ಆಮೇಲೆ ತಲೆಯ ಮೇಲೆ ಕೈಹೊತ್ತು ಕೂತರು. "ಅಯ್ಯೋ, ಸರ್ಕಾರಿ ಕೆಲಸಾನೇ ನಾಲ್ಕು ವಾರ ನಿಲ್ಲಿಸಿಬಿಟ್ನಲ್ಲೇ!"

ಆದರೆ ಅವತ್ತು ಊಟ ಮಾಡುವಾಗ ಅವರಾಡಿದ ಮಾತು ಬೇರೆ. "ನೋಡು, ಇವರು ಇಟ್ಟಿದ್ದನ್ನ ನಾನೊಬ್ಬ ಓದ್ದೆ. ಅದನ್ನ ಅಚ್ಚು ಹಾಕಿದೋನಿಗೆ ಒಬ್ಬ ಸಿಕ್ಕಿದ. ನಂಗೆ ಒಬ್ಬನೂ ಸಿಗಲಿಲ್ಲ." ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಹೇಳಿದರು. ನಾನು ಮಾತು ತೇಲಿಸಲು "ಕಡಲೆಕಾಯಿಯವನಿದ್ದನಲ್ಲ ಮಾವ" ಅಂದುಬಿಟ್ಟೆ. ಅವರು ನಗಲಿಲ್ಲ. ಯಾಕಾದರೂ ಅಂದೆನೋ ಎಂದು ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಈ ಮೂರು ತಿಂಗಳೂ ನನ್ನ ಥೀಸಿಸ್ಸನ್ನು ಮಾವನ ಕಣ್ಣಿಗೆ ಬೀಳದಂತೆ ಕಾಪಾಡಿದ್ದೆ. ಅವರ ಕೈಗೆ ಕೊಟ್ಟರೆ ಡಿಗ್ರಿ ಬರುವುದು ನನ್ನ ಮೊಮ್ಮಕ್ಕಳಿಗೆ! ದಿನಾ ಕೇಳುತ್ತಿದ್ದರು, ಇನ್ನೂ ಟೈಪಾಗಿಲ್ಲ ಮಾವ, ಫ್ಲಾಪಿ ಕೆಟ್ಟಿದೆ ಮಾವ ಅಂತ ನಾನು ದಿನಕ್ಕೊಂದು ಸುಳ್ಳು ಹೇಳುತ್ತಿದ್ದೆ. ಕೊನೆಗೆ ಅವರು ಊರಿಗೆ ಹೊರಡುವ ಹಿಂದಿನ ಭಾನುವಾರ ಮನಸ್ಸು ತಡೆಯದೆ, ಮಧ್ಯಾಹ್ನದ ಊಟವಾದ ಮೇಲೆ ಮೂರನೇ ಅಧ್ಯಾಯವನ್ನು ಅವರ ಮುಂದಿಟ್ಟೆ. ಮಾವ ಕೈ ತೊಳೆದುಕೊಂಡು ಬಂದರು. ಕೆಂಪು ಪೆನ್ಸಿಲ್ ಕೆತ್ತಿದರು. ಮೊದಲ ಎರಡು ಪುಟ ರಕ್ತಪಾತ.

ಮೂರನೇ ಪುಟದಲ್ಲಿ ಪೆನ್ಸಿಲ್ ನಿಂತಿತು.

"ಈ ಟೇಬಲ್ ಎಲ್ಲಿಂದ ತಗೊಂಡೆ?"

"ಅದಾ? ನಮ್ಮ ಯೂನಿವರ್ಸಿಟಿ ಲೈಬ್ರರಿ ಬೇಸ್‌ಮೆಂಟಲ್ಲಿ ನಮ್ಮ ರಾಜ್ಯದ ಹಳೇ ಮಳೆ ವರದಿಗಳಿವೆ ಮಾವ. ಆಗೆಲ್ಲ ಸರ್ಕಾರದ ಪ್ರಿಂಟು ಬೇರೆ ದೇಶದ ಲೈಬ್ರರಿಗಳಿಗೂ ಹೋಗ್ತಿತ್ತಂತೆ. ಯಾಕೆ, ತಪ್ಪಿದೆಯಾ?"

ಅವರು ಒಂದು ಸಂಖ್ಯೆಯ ಮೇಲೆ ಬೆರಳಿಟ್ಟರು. ಒಂದು ತಾಲ್ಲೂಕಿನ ಜುಲೈ ತಿಂಗಳ ಮಳೆ. ನಾನು ಒಳಗಿನಿಂದ ಆ ವರದಿಯ ಜೆರಾಕ್ಸ್ ತಂದುಕೊಟ್ಟೆ. ಮಾವ ಅದನ್ನು ಕಣ್ಣಿನ ಹತ್ತಿರ ಹಿಡಿದು ಕೊನೆಯ ಪುಟ ತಿರುಗಿಸಿದರು. ತಳದಲ್ಲಿ, ಎರಡು ವರ್ಷದಲ್ಲಿ ನಾನು ಒಮ್ಮೆಯೂ ಗಮನಿಸದ ಸಣ್ಣ ಅಕ್ಷರಗಳಲ್ಲಿ, ಅವರ ಪ್ರೆಸ್ಸಿನ ಹೆಸರಿತ್ತು.

"ಹಸ್ತಪ್ರತಿ ನೆನೆದುಹೋಗಿತ್ತು ಕಣೇ," ಅಂದರು. "ಇದರ ಮೊದಲನೇ ಅಂಕಿ ಒಂದೋ ಏಳೋ ತಿಳೀತಿರಲಿಲ್ಲ. ಒಂದು ಅಂತ ಹಾಕಿ ಮುಗಿಸು ಅಂದ್ರು. ನಾನು ಬಿಡಲಿಲ್ಲ. ತಾಲ್ಲೂಕು ಕಚೇರಿಗೆ ಕಾಗದ ಬರೆದೆ. ಉತ್ತರ ಬರೋಕೆ ಹತ್ತೊಂಬತ್ತು ದಿನ ಆಯ್ತು. ಮೆಷಿನ್ ಮೇಲೆ ಹತ್ತಬೇಕಾದ ಪುಟ ಹಾಗೇ ಕೂತಿತ್ತು. ಸೂಪರಿಂಟೆಂಡೆಂಟು ಎಲ್ಲರ ಎದುರಿಗೆ ಕರೆದು, ಇದನ್ನ ಯಾರಯ್ಯ ಓದ್ತಾರೆ ಅಂದ್ರು. ಮೆಮೊ ಕೊಟ್ರು. ಇಪ್ಪತ್ತು ವರ್ಷದ ಮೇಲಾಯ್ತು."

"ಏಳು ಅಂತ ಬಂತಾ ಉತ್ತರ?"

"ಏಳು."

ನನ್ನ ಅಧ್ಯಾಯ ಇಡಿಯಾಗಿ ಆ ಒಂದು ತಿಂಗಳ ಜಡಿಮಳೆಯ ಮೇಲೆ ನಿಂತಿತ್ತು. ಆ ಹೊಲಗಳ ಮೇಲ್ಮಣ್ಣು ಯಾವಾಗ, ಯಾಕೆ ಕೊಚ್ಚಿಹೋಯಿತು ಎಂಬ ಪ್ರಶ್ನೆಗೆ ನನ್ನ ಬಳಿಯಿದ್ದ ಉತ್ತರ ಅದೊಂದೇ. ಅಲ್ಲಿ ಒಂದು ಎಂದು ಅಚ್ಚಾಗಿದ್ದರೆ ನನ್ನ ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುತ್ತಿತ್ತು. ಯಾರು ಓದುತ್ತಾರೆ ಎಂದು ಚಿಕ್ಕಂದಿನಿಂದ ಅವರನ್ನು ಹಂಗಿಸುತ್ತ ಬಂದವಳು ನಾನು. ಓದಿದವಳೂ ನಾನೇ.

"ನಾನು ಓದಿದೀನಿ ಮಾವ," ಅಂದೆ. "ಆ ವರದೀನ ಪೂರ್ತಿ ಓದಿದೀನಿ. ಒಂದ್ಸಲ ಅಲ್ಲ, ನೂರು ಸಲ ಓದಿದೀನಿ. ಆ ಪುಟ ನಂಗೆ ಬಾಯಿಗೆ ಬರುತ್ತೆ."

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. ನಾನು ಮೂಗು ಒರೆಸಿಕೊಂಡು, ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ, "ನನ್ನ ಚಾಪ್ಟರಲ್ಲಿ ತಪ್ಪು ತುಂಬ ಇದಾವಾ ಮಾವ?"

"ಬೇಕಾದಷ್ಟಿವೆ" ಅಂದರು. ಪೆನ್ಸಿಲನ್ನು ಮೇಜಿನ ಆ ಬದಿಗೆ ಸರಿಸಿ, ಕನ್ನಡಕ ಹಾಕಿಕೊಂಡು, ಮೊದಲ ಪುಟಕ್ಕೆ ಹಿಂತಿರುಗಿದರು. "ನಾಳೆ ಹೇಳ್ತೀನಿ. ಇವತ್ತು ಸುಮ್ನೆ ಓದ್ತೀನಿ."