ಮೈಕು ಹಿಡಿದ ತಪ್ಪಿಗೆ

ತುತ್ಬುಲಾಕ್ ಹಳ್ಳಿಯ ಮದುವೆಗಳಲ್ಲಿ ಕುಸ್ತಿಗೆ ತೀರ್ಪು ಹೇಳುತ್ತಿದ್ದ ಹಿರಿಯನೊಬ್ಬ ಹೊಟ್ಟೆ ತುಂಬ ಕರಬೂಜ ತಿಂದು ಮೇಲೆ ತಣ್ಣೀರು ಕುಡಿದ. ಎಲ್ಲ ಅನರ್ಥಕ್ಕೂ ಅದೇ ಮೂಲ. ಅವನು ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಾಡತೊಡಗಿದಾಗ ಅಖಾಡದ ಸುತ್ತ ಕೂತಿದ್ದವರು ಮುಖ ಮುಖ ನೋಡಿಕೊಂಡರು. ಆ ಊರಿನಲ್ಲಿ ವರನಿಲ್ಲದೆ ಬೇಕಾದರೆ ಮದುವೆ ನಡೆದೀತು, ಕುಸ್ತಿಯಿಲ್ಲದೆ ನಡೆಯದು.

"ಮೈಕು ಯಾರ ಕೈಲಿದೆ?" ಎಂದರು ಎರ್ನಜರ್ ತಾತ.

ಮೈಕು ನೊರ್ಮುರಾದನ ಕೈಯಲ್ಲಿತ್ತು. ಮೈಕ್‌ಸೆಟ್ಟು ಅವನದು, ಅವನೇ ಹಿಡಿಯಬೇಕಲ್ಲ. "ಹಲೋ, ಹಲೋ" ಅನ್ನುವುದನ್ನು ಬಿಟ್ಟು ಅದರಲ್ಲಿ ಅವನು ಬೇರೇನೂ ಹೇಳಿದವನಲ್ಲ.

"ಹಾಗಾದ್ರೆ ನೀನೇ ತೀರ್ಪು ಹೇಳು."

"ತಾತಾ, ನಂಗೆ ಕುಸ್ತಿ ಬರಲ್ಲ!"

"ಬರೋರೆಲ್ಲ ಒಂದೊಂದು ಪಕ್ಷ ಹಿಡಿದವ್ರೆ. ನೀನೇ ಸರಿ."

ಸಂಜೆಯವರೆಗೆ ಹೇಗೋ ನಡೆಯಿತು. ಕೊನೆಯ ಜೋಡಿಗೆ ಬಹುಮಾನ ಒಂದು ಕೆಂಪು ಹೋರಿ. ಪಕ್ಕದ ಕಣಿವೆಯ ಪಾಂಜಿ ಪೈಲ್ವಾನ ಎದುರಾಳಿಯನ್ನು ಹಿಟ್ಟಿನ ಮೂಟೆಯಂತೆ ಮೇಲೆತ್ತಿದ. ಸರಿಯಾಗಿ ಅದೇ ಹೊತ್ತಿಗೆ ಮೈಕು 'ಕುಯ್ಯೋ' ಎಂದು ಕೂಗಿಕೊಂಡಿತು. ನೊರ್ಮುರಾದ ಬಗ್ಗಿ ತಿರುಪು ತಿರುಗಿಸಿದ. ಧೊಪ್ ಎಂದದ್ದು ಕೇಳಿಸಿ ತಲೆಯೆತ್ತುವಷ್ಟರಲ್ಲಿ ಬೆನ್ನಡಿಯಾಗಿ ಬಿದ್ದವನು ಆಗಲೇ ಹೊರಳಿ ಮಗ್ಗುಲಾಗಿದ್ದ.

"ಅರ್ಧ ಚಿತ್!" ಎಂದು ನೊರ್ಮುರಾದ ಮೈಕಿನಲ್ಲಿ ಸಾರಿದ. ಆ ಮಾತು ಎದುರಿನ ಬೆಟ್ಟಕ್ಕೆ ಬಡಿದು ಮತ್ತೊಮ್ಮೆ ಕೇಳಿಸಿತು. ಪಾಂಜಿ ಸಿಟ್ಟಿನಲ್ಲಿ ಮುಂದಿನ ಸುತ್ತು ಸೋತ. ಹೋರಿ ಬೇರೆಯವನ ಹಿಂದೆ ಹೋಯಿತು.

ಮರುದಿನ ಬೆಳಗ್ಗೆ ನೊರ್ಮುರಾದ ಚಹಾ ಅಂಗಡಿಯ ಅಂಗಳದಲ್ಲಿ, ಹಿಪ್ಪುನೇರಳೆ ಮರದ ಕೆಳಗೆ ವೈರು ಸುತ್ತುತ್ತಿದ್ದ. ಕಾಲುವೆಯ ಸೇತುವೆ ದಾಟಿ ಪಾಂಜಿ ಬಂದ. ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಪಟ್ಟಿ, ಮೊಣಕೈವರೆಗೆ ಮಡಿಸಿದ ಅಂಗಿತೋಳು. ಸೇತುವೆಯ ಮೇಲೆ ಅವನ ಭಾವಂದಿರು, ಎಸೊನ್ ಮತ್ತು ಓಮೊನ್, ಕಟ್ಟಡದ ಎರಡು ಕಂಬಗಳಂತೆ ನಿಂತುಕೊಂಡರು.

"ಅರ್ಧ ಚಿತ್ ಅಂದೋನು ನೀನೇ ಅಲ್ವೇನೋ?" ಎಂದ ಪಾಂಜಿ.

"ಅಣ್ಣಾ, ಅದು ಮೈಕು..."

"ಇವತ್ತು ಪೂರ್ತಿ ಚಿತ್ ಅಂದ್ರೇನು ಅಂತ ತೋರಿಸ್ತೀನಿ, ಬಾ!"

ಅವನು ನುಗ್ಗಿದ. ನೊರ್ಮುರಾದ ಧೈರ್ಯದಿಂದಲ್ಲ, ಪೆಟ್ಟು ಮುಖಕ್ಕೆ ಬೀಳದಿರಲೆಂದು ತಲೆ ಮುಚ್ಚಿಕೊಂಡು ಕುಕ್ಕರಿಸಿದ. ಪಾಂಜಿಯ ಮೊಣಕಾಲು ಅವನ ಬೆನ್ನಿಗೆ ತೊಡರಿತು. ಅಷ್ಟು ದೊಡ್ಡ ದೇಹ ಅವನ ಮೇಲಿಂದ ಹಾರಿ ಆಚೆ ಮಗುಚಿಕೊಂಡು ಬಿತ್ತು.

ಇನ್ನು ಓಡಬೇಕಿತ್ತು. ಆದರೆ ಓಡಿದರೆ ಎಲ್ಲಿಯವರೆಗೆ? ನೊರ್ಮುರಾದ ಚಿಕ್ಕಂದಿನಲ್ಲಿ ಓರಗೆಯ ಹುಡುಗರೆಲ್ಲರ ಕೆಳಗೂ ಬಿದ್ದವನು. ಕೆಳಗೆ ಬಿದ್ದವನು ಯಾವಾಗ ಏಳಬಲ್ಲ, ಯಾವಾಗ ಏಳಲಾರ ಎನ್ನುವುದು ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನು ಪಾಂಜಿಯ ಎದೆಗೆ ಅಡ್ಡಲಾಗಿ ಮಲಗಿದ. ಒಂದು ಕೈ ಕತ್ತಿನ ಹಿಂದೆ ತೂರಿಸಿ ಅಂಗಿ ಹಿಡಿದ, ಇನ್ನೊಂದರಲ್ಲಿ ಅವನ ತೋಳನ್ನು ಕಂಕುಳಿಗೆ ಸಿಕ್ಕಿಸಿಕೊಂಡ, ಕಾಲು ಅಗಲಿಸಿ ಬೆರಳುಗಳನ್ನು ಮಣ್ಣಿಗೆ ಊರಿದ. ಪಾಂಜಿ ಕೊಸರಿದ, ಸೊಂಟ ಮೇಲೆತ್ತಿ ಕಮಾನಾದ, ಒದ್ದ. ನೊರ್ಮುರಾದ ಒದ್ದೆ ಕಂಬಳಿಯಂತೆ ಅಂಟಿಕೊಂಡಿದ್ದ.

"ಉಸಿರಾಟಕ್ಕೆ ತೊಂದ್ರೆ ಇಲ್ವಲ್ಲ ಅಣ್ಣಾ?" ಎಂದು ವಿನಯದಿಂದ ಕೇಳಿದ.

"ಬಿಟ್ ನೋಡು, ನಿನ್ನ ಉಸಿರು ನಿಲ್ಲಿಸ್ತೀನಿ!"

ಅಷ್ಟರಲ್ಲಿ ಚಹಾ ಬಟ್ಟಲು ಹಿಡಿದು ಎರ್ನಜರ್ ತಾತ, ಹಿಂದೆಯೇ ಕಟುಕ ಜೂರಾ, ಅವರ ಹಿಂದೆ ಬೀದಿಗೆ ಬೀದಿಯೇ ಬಂದು ಸುತ್ತ ಕೂತಿತು.

"ಬೆನ್ನು ನೆಲಕ್ಕೆ ತಾಗಿತು. ಮುಗೀತು. ಬಿಡು ಅವನನ್ನ," ಎಂದರು ತಾತ.

"ತಾತಾ, ಬಿಟ್ರೆ ಇವನು ನನ್ನ ಕೊಂದೇ ಬಿಡ್ತಾನೆ!"

"ಅದು ಆಮೇಲಿನ ಮಾತು. ಬಿದ್ದವನನ್ನ ಅದುಮಿ ಹಿಡಿಯೋದು ನಮ್ಮ ಕುಸ್ತೀಲಿ ಇಲ್ಲ. ಊರಿನ ಮಾನ ಕಳೀಬೇಡ, ಏಳು."

"ಮುಗೀಲಿಲ್ಲ ತಾತಾ," ಎಂದ ಜೂರಾ. "ಒಂದೇ ಭುಜ ತಾಗಿದ್ದು. ನಿನ್ನೆ ಇವನೇ ಹೇಳಿದ ಲೆಕ್ಕದಲ್ಲಿ ಅರ್ಧ ಚಿತ್."

ಜನ ಹೌದೌದೆಂದರು. ನೊರ್ಮುರಾದನನ್ನು ಬೆಕ್ಕಿನ ಮರಿಯಂತೆ ಕುತ್ತಿಗೆ ಹಿಡಿದು ಎಬ್ಬಿಸಿದರು. ಪಾಂಜಿಯೂ ಎದ್ದ. ಪೈಲ್ವಾನನಲ್ಲವೆ, ರೀತಿ ಬಿಡಲಿಲ್ಲ. ಧೂಳು ಕೊಡವಿ, ಪಟ್ಟಿ ಬಿಗಿದು, ಎದೆಗೆ ಕೈಯಿಟ್ಟು ಹಿರಿಯರಿಗೆ ಬಾಗಿದ. ಬಾಗಿದವನು ಹಾಗೆಯೇ ನೊರ್ಮುರಾದನ ಮೇಲೆ ಹಾರಿದ.

ಈ ಸಲ ನೊರ್ಮುರಾದ ಓಡಿದ. ಮರದ ಸುತ್ತ ಇಬ್ಬರೂ ಗಾಣದ ಎತ್ತುಗಳಂತೆ ಸುತ್ತಿದರು. ಚಹಾಕ್ಕೆ ನೀರು ಕಾಯಿಸುವ ಸಮೋವರಿನಿಂದ ಚೆಲ್ಲಿದ ನೀರಲ್ಲಿ ಪಾಂಜಿಯ ಬೂಟು ಜಾರಿತು. ನೊರ್ಮುರಾದ ಹಿಂದುಮುಂದು ನೋಡದೆ ಮತ್ತೆ ಅವನ ಎದೆಯ ಮೇಲೆ ಅಡ್ಡಲಾದ.

"ಜಾರಿದ್ದು ಲೆಕ್ಕಕ್ಕಿಲ್ಲ," ಎಂದರು ತಾತ. "ಏಳಿ."

"ಯಾರಾದ್ರೂ ಪೊಲೀಸ್ನೋರನ್ನ ಕರೀರಪ್ಪಾ!" ಎಂದು ನೊರ್ಮುರಾದ ಗೋಗರೆದ.

ಪೊಲೀಸಿನವನು ಆಗಲೇ ಬಂದು ಹಿಂದಿನ ಸಾಲಿನಲ್ಲಿ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದ. "ಇಲ್ಲೇ ಇದೀನಿ ಕಣಪ್ಪ," ಎಂದ. "ನಿಯಮದ ಪ್ರಕಾರ ನಡೀತಿದೆಯಲ್ಲ, ನಡೀಲಿ."

ಮೂರನೆಯ ಸಲ ಪಾಂಜಿ ಅವನನ್ನು ಸೊಂಟ ಹಿಡಿದು ಎತ್ತಿಯೇ ಬಿಟ್ಟ. ಆಕಾಶ ಕೆಳಗೂ ನೆಲ ಮೇಲೂ ಆದದ್ದು ನೊರ್ಮುರಾದನಿಗೆ ಕಾಣಿಸಿತು. ಭಯದಲ್ಲಿ ಅವನು ಪಾಂಜಿಯ ಕತ್ತಿಗೆ ಜೋತು, ಕಾಲಿಗೆ ಕಾಲು ಹೆಣೆದ. ಇಬ್ಬರೂ ಒಟ್ಟಿಗೆ ಉರುಳಿದರು. ಉರುಳಿ ನಿಂತಾಗ ಮೇಲಿದ್ದವನು ನೊರ್ಮುರಾದ.

"ಬಿಡು," ಎಂದರು ತಾತ.

"ಬಿಡಬೇಡ!" ಎಂದು ಹಿಂದಿನಿಂದ ಒಂದು ಕಂಠ ಬಂತು. ನೊರ್ಮುರಾದನ ಹೆಂಡತಿ ಬೀಬಿಸೋರಾ ಜನರನ್ನು ಮೊಣಕೈಯಲ್ಲಿ ಸರಿಸಿಕೊಂಡು ಮುಂದೆ ಬಂದಳು. ಕೈಯಲ್ಲಿ ರೊಟ್ಟಿ ಲಟ್ಟಿಸುವ ಕೋಲು. "ಇದು ಕುಸ್ತೀನಾ? ನನ್ನ ಗಂಡನ್ನ ಹೊಡಿಯೋಕೆ ಬಂದವ್ನೆ, ನೀವು ಅಂಕ ಎಣಿಸ್ತೀರಾ? ತಾತಾ, ನಿಮ್ಮ ಮನೆಗೆ ಕಳ್ಳ ಬಂದ್ರೆ ಅವನ ಬೆನ್ನು ನೆಲಕ್ಕೆ ತಾಗಿತು ಅಂತ ಎಬ್ಬಿಸಿ ಸೊಂಟಕ್ಕೆ ಪಟ್ಟಿ ಕಟ್ಟಿ ಕಳಿಸ್ತೀರಾ?"

ತಾತ ಗಡ್ಡ ಕೆರೆದುಕೊಂಡರು. ಕಳ್ಳನ ವಿಷಯದಲ್ಲಿ ನಿಯಮ ಏನೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜೂರಾ ಒಂದು ಹೇಳಿದ, ಪೊಲೀಸಿನವನು ಇನ್ನೊಂದು ಹೇಳಿದ. ಸಭೆ ಎರಡಾಗಿ ಒಡೆದು, ಕೆಳಗೆ ಬಿದ್ದಿದ್ದವರನ್ನು ಮರೆತು ವಾದಕ್ಕಿಳಿಯಿತು.

ಆ ಗದ್ದಲದಲ್ಲಿ ಪಾಂಜಿಯ ಬಾಯಿ ನೊರ್ಮುರಾದನ ಕಿವಿಯ ಹತ್ತಿರ ಬಂತು.

"ತಮ್ಮಾ."

ನೊರ್ಮುರಾದ ಹಿಡಿತ ಬಿಗಿ ಮಾಡಿದ.

"ಹೆದರಬೇಡ. ನನ್ನ ಭಾವಂದಿರು ಹೋದ್ರಾ? ನೋಡಿ ಹೇಳು."

"ಇಲ್ಲ. ಸೇತುವೆ ಮೇಲೇ ಇದಾರೆ."

"ಹಾಗಾದ್ರೆ ಹೀಗೇ ಹಿಡ್ಕೊಂಡಿರು. ದಮ್ಮಯ್ಯ, ಬಿಡಬೇಡ."

ನೊರ್ಮುರಾದನಿಗೆ ಕಿವಿಯೇ ಕೆಟ್ಟಿತೇನೋ ಅನ್ನಿಸಿತು. ಪಾಂಜಿ ಮೇಲುಸಿರಲ್ಲಿ ಹೇಳಿದ: "ನನ್ನ ಎರಡು ಮಂಡೀನೂ ಸವೆದು ಹೋಗಿವೆ ಕಣೋ. ಹಗಲಿಡೀ ಕುಸ್ತಿ, ರಾತ್ರಿಯಿಡೀ ಕುರಿಕೊಬ್ಬು ಸವರ್ಕೊಳ್ಳೋದು. ನಿನ್ನೆ ಗೆದ್ದಿದ್ರೆ ಈ ಭಾವಂದಿರು ನಾಳೆಯಿಂದ ಊರೂರಿಗೆ ಎಳ್ಕೊಂಡು ಹೋಗ್ತಿದ್ರು. ನೀನು ಅರ್ಧ ಚಿತ್ ಅಂದಾಗ ಒಳಗೊಳಗೆ ಸಂತೋಷ ಆಯ್ತು. ಆದ್ರೆ ಅವರು ಬಿಡ್ತಾರಾ? ಹೋಗು, ಆ ಮೈಕಿನವನ ಮೂಳೆ ಮುರಿ, ಇಲ್ಲಾಂದ್ರೆ ನಮ್ಮ ತಂಗೀನ ಮನೆಗೆ ಕರ್ಕೊಂಡು ಹೋಗ್ತೀವಿ ಅಂದ್ರು. ಅವಳಿಲ್ದೆ ನಂಗೆ ಚಹಾ ಮಾಡ್ಕೊಳ್ಳೋಕೂ ಬರಲ್ಲ."

"ಮತ್ತೆ ಈಗ?"

"ಈಗೇನು, ಹೊಡೀಬೇಕು ಅಂತಾನೇ ಬಂದೆ, ಏಳೋಕಾಗ್ಲಿಲ್ಲ. ಅದನ್ನ ಊರೇ ನೋಡ್ತು. ಇನ್ಮೇಲೆ ನನ್ನನ್ನ ಯಾವ ಅಖಾಡಕ್ಕೂ ಕರೆಯಲ್ಲ. ಸ್ವಲ್ಪ ಎಡಕ್ಕೆ ಸರಿ, ಬೆನ್ನಿಗೆ ಕಲ್ಲು ಒತ್ತುತ್ತೆ."

ನೊರ್ಮುರಾದ ಎಡಕ್ಕೆ ಸರಿದ. ಅವನಿಗೆ ನಗು ಬಂತು. ಪಾಂಜಿಗೂ ಬಂತು. ನಕ್ಕರೆ ಗುಟ್ಟು ಬಯಲಾದೀತೆಂದು ಇಬ್ಬರೂ ಒಬ್ಬರ ಭುಜದಲ್ಲಿ ಒಬ್ಬರು ಮುಖ ಹುದುಗಿಸಿದರು. ಇಬ್ಬರ ಬೆನ್ನೂ ಗಡಗಡ ಅಲುಗಿತು. ಎಂಥ ಹೋರಾಟವಪ್ಪಾ ಎಂದು ಜನ ಉಸಿರು ಬಿಗಿಹಿಡಿದರು.

"ಕೂಗಾಡು ಅಣ್ಣಾ, ಅನುಮಾನ ಬರುತ್ತೆ."

"ಬಿಡೋ ಪಾಪೀ!" ಎಂದು ಪಾಂಜಿ ಗುಡುಗಿ, "ಬಿಟ್ಟುಗಿಟ್ಟೀಯ," ಎಂದು ಪಿಸುಗುಟ್ಟಿದ.

ಕೊನೆಗೆ ಸೇತುವೆಯ ಮೇಲಿನ ಕಂಬಗಳು ಅಲುಗಾಡಿದವು. ಓಮೊನ್ ಕಾಲುವೆಗೆ ಉಗುಳಿದ. ಎಸೊನ್ ತಲೆ ಕೊಡವಿದ. "ಮೈಕಿನವನ ಕೈಲೂ ಬಿದ್ದ ಮೇಲೆ ಮುಗೀತು ಬಿಡು ಇವನ ಕತೆ," ಎಂದು ಇಬ್ಬರೂ ಬೆನ್ನು ತಿರುಗಿಸಿ ಹೊರಟರು.

"ಹೋದ್ರು," ಎಂದ ನೊರ್ಮುರಾದ. ಪಾಂಜಿ ಅಂಗೈಯಿಂದ ನೆಲ ತಟ್ಟಿ, ಊರಿಗೆಲ್ಲ ಕೇಳುವಂತೆ, "ಸೋತೆ! ಇವನ ಪಟ್ಟು ಬಿಡಿಸೋದು ನನ್ನಿಂದಾಗಲ್ಲ!" ಎಂದ. ಎದ್ದು ನೊರ್ಮುರಾದನನ್ನು ತಬ್ಬಿಕೊಂಡ. ಯಾರ ಮೈಗೂ ಒಂದು ಗೀರೂ ಆಗಿರಲಿಲ್ಲ. ಬೀಬಿಸೋರಾ ಇಬ್ಬರಿಗೂ ಬಿಸಿ ರೊಟ್ಟಿ, ಮೊಸರು ಕೊಟ್ಟಳು. ಪಾಂಜಿ ಸಂತೃಪ್ತಿಯಿಂದ ತಿಂದು, ಕುಂಟುವುದನ್ನೂ ಮುಚ್ಚಿಡದೆ ಮನೆಗೆ ಹೋದ.

ನೊರ್ಮುರಾದ ಮರಕ್ಕೆ ಒರಗಿ ಕಾಲು ಚಾಚಿದ. ಗಾಳಿ ಇಷ್ಟು ತಂಪಾಗಿರುತ್ತದೆ ಎಂದು ಅವನಿಗೆ ಇಷ್ಟು ವರ್ಷ ತಿಳಿದಿರಲಿಲ್ಲ. ಇನ್ನು ಜನ್ಮದಲ್ಲಿ ತೀರ್ಪು ಹೇಳುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟ.

ಆಗ ಹಿರಿಯರು ವಾದ ಮುಗಿಸಿ ಬಂದರು. ಎರ್ನಜರ್ ತಾತ ತಮ್ಮ ತಲೆಯ ಟೋಪಿ ತೆಗೆದು ನೊರ್ಮುರಾದನಿಗೆ ತೊಡಿಸಿದರು.

"ಒಮ್ಮತದಿಂದ ತೀರ್ಮಾನ ಆಗಿದೆ ಮಗಾ. ಇನ್ಮೇಲೆ ನಮ್ಮೂರಿನ ಎಲ್ಲಾ ಮದುವೆಗೂ ನೀನೇ ತೀರ್ಪುಗಾರ."

"ತಾತಾ! ಹಳೇ ತೀರ್ಪುಗಾರ ಹುಷಾರಾಗಲ್ವಾ?"

"ಹುಷಾರಾಗಿದಾನೆ. ಆದ್ರೆ ಸೋತವನು ಹೊಡಿಯೋಕೆ ಬಂದ್ರೆ ಓಡೋಕೂ ಆಗಲ್ಲ ಅವನಿಗೆ. ನೀನಾದ್ರೆ ಮಲಗಿಸಿ ಹಿಡ್ಕೊಳ್ತೀಯ, ನೋವೂ ಮಾಡಲ್ಲ. ಇಂಥ ತೀರ್ಪುಗಾರ ನಮಗೆ ಎಲ್ಲಿ ಸಿಗ್ತಾನೆ?"

"ನಂಗೆ ಒಂದು ಕೆಲಸ ತಪ್ಪಿತು," ಎಂದು ಪೊಲೀಸಿನವನು ಮನಸಾರೆ ಕೈಕುಲುಕಿದ.

"ಭಾನುವಾರ ಗಿರಣಿಯವನ ಮಗನ ಮದುವೆ," ಎಂದ ಜೂರಾ. "ಪಾಂಜಿ ಬಿಟ್ಟ ಜಾಗಕ್ಕೆ ಅವನ ಭಾವಂದಿರೇ ಇಳೀತಾರಂತೆ. ದಾರೀಲಿ ಹೆಸರು ಕೊಟ್ಟು ಹೋದ್ರು. ಎಸೊನ್‌ಗೂ ಓಮೊನ್‌ಗೂ ತಮ್ಮತಮ್ಮಲ್ಲೇ ಜೋಡಿ ಬಿದ್ದಿದೆ."

ನೊರ್ಮುರಾದ ಲೆಕ್ಕ ಹಾಕಿದ. ಇಬ್ಬರಲ್ಲಿ ಒಬ್ಬ ಸೋಲಲೇಬೇಕು. ಆದರೆ ಒಬ್ಬನೇ ತಾನೆ?

"ಯಾರು ಸೋತ್ರೂ ಇಬ್ಬರೂ ಬರ್ತಾರೆ," ಎಂದಳು ಬೀಬಿಸೋರಾ. "ಒಡಹುಟ್ಟಿದೋರಲ್ವಾ."

ನೊರ್ಮುರಾದ ತಲೆ ಬಗ್ಗಿಸಿ ತನ್ನ ಎದೆಯ ಅಗಲವನ್ನು ನೋಡಿಕೊಂಡ. ಎಷ್ಟು ಹಿಗ್ಗಿಸಿದರೂ ಅದು ಒಬ್ಬನಿಗೇ ಸಾಲುವಂತಿತ್ತು.